ದಾಳಿಂಬೆ ಹಳದಿ, ಐದನೇ ಪ್ರಯತ್ನ: ಕಳ್ಳ ಸಿಕ್ಕಿದ!

ಕಡೆಗೂ ಹಳದಿ ಬಂತು! ಹಣ್ಣಾದ ಮಾವಿನ ಹೋಳಿನಂಥ ಹಳದಿ. ದಾಳಿಂಬೆ ಸಿಪ್ಪೆಯಿಂದ ಖಾದಿಗೆ ಬಣ್ಣ ಹಾಕಲು ಹೊರಟು ನಾಲ್ಕು ಸಲ ಕೆಟ್ಟ ಮೇಲೆ ಬಂದದ್ದು. ಖುಷಿ ತಡೆಯಲಾಗದೆ ರಾತ್ರಿಯೇ ಬರೆಯಲು ಕೂತಿದ್ದೇನೆ.

ಲೆಕ್ಕ ಮೊದಲಿನದೇ. 200 ಗ್ರಾಂ ಖಾದಿ, 100 ಗ್ರಾಂ ಒಣಸಿಪ್ಪೆ, ಬಣ್ಣ ಕಚ್ಚಲು 30 ಗ್ರಾಂ ಪಟಿಕ. ಆದರೆ ಬಟ್ಟೆ ಮಾರಿದವರ ಮೇಲೆ ಸಿಟ್ಟಿದೆ. ಗಂಜಿ ಹಾಕಿಲ್ಲ ಅಂದಿದ್ದರು. ಕುದಿಸಿದರೆ ಅನ್ನ ಬಸಿದಂಥ ತಿಳಿ ಬಂತು. ಸಿಪ್ಪೆಗೆಂದು ತಂದ ಜ್ಯೂಸ್ ಅಂಗಡಿಯ ಚೀಲ ಸುರಿದರೆ ಅರ್ಧಕ್ಕರ್ಧ ಮೋಸಂಬಿ ಸಿಪ್ಪೆ, ನಡುನಡುವೆ ಸ್ಟ್ರಾಗಳು. ಆರಿಸಿ ಒಣಗಿಸಲು ಮೂರು ದಿನ ಹಿಡಿಯಿತು.

ಇನ್ನು ಅಸಲಿ ತಲೆನೋವು. ಪಾತ್ರೆಯಿಂದ ಎತ್ತುವಾಗ ಬಟ್ಟೆ ಮಾಸಲು ಹಳದಿ ಇರುತ್ತಿತ್ತು. ಎರಡು ನೀರಿನಲ್ಲಿ ಜಾಲಿಸಿದರೆ ಖಾಕಿ. ಒಣಗಿದ ಮೇಲೆ ಇನ್ನೂ ಮಂಕು. ಕಿರಾಣಿ ಅಂಗಡಿಯ ಪಟಿಕ ಸರಿಯಿಲ್ಲ ಅಂತ ಶುದ್ಧ ಪಟಿಕ ತರಿಸಿದೆ. ಉರಿ ಕಡಿಮೆ ಮಾಡಿದೆ. ಸಿಪ್ಪೆ ಜಾಸ್ತಿ ಮಾಡಿದೆ. ಪಾತ್ರೆಯಂತೂ ಮೊದಲಿಂದ ಸ್ಟೀಲಿನದೇ. ಏನು ಮಾಡಿದರೂ ಅದೇ ಖಾಕಿ.

ಸುಳಿವು ಸಿಕ್ಕಿದ್ದು ಬಟ್ಟೆ ಒಣಹಾಕುವ ಹಗ್ಗದಲ್ಲಿ. ನಾಲ್ಕನೇ ತುಂಡನ್ನು ತೆಗೆಯುವಾಗ ನೋಡಿದೆ, ಕ್ಲಿಪ್ಪು ಕಚ್ಚಿದ ಕಡೆಯೆಲ್ಲ ಕಪ್ಪು ಚುಕ್ಕೆಗಳು. ಅಕ್ಕಿಕಾಳಿನಷ್ಟು ದೊಡ್ಡವು. ಕ್ಲಿಪ್ಪಿನ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಚುಕ್ಕೆಯ ನಡುವೆ ಅಚ್ಚ ಕಪ್ಪು, ಸುತ್ತ ಬೂದು, ಅದರಾಚೆ ಖಾಕಿ. ಆ ಖಾಕಿ ಎಲ್ಲಿ ಮುಗಿದು ಬಟ್ಟೆಯ ಖಾಕಿ ಎಲ್ಲಿ ಶುರುವಾಗುತ್ತದೆ ಅಂತ ಹುಡುಕಿದೆ. ಗೊತ್ತಾಗಲೇ ಇಲ್ಲ. ಅಂದರೆ ಇಡೀ ಬಟ್ಟೆಯೇ ಕಬ್ಬಿಣ ಕುಡಿದಿತ್ತು!

ಸಿಪ್ಪೆಯ ಟ್ಯಾನಿನ್‌ಗೆ, ಅಂದರೆ ಅದರ ಒಗರಿನ ಅಂಶಕ್ಕೆ, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ. ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ನಾವೇ ಬೇಕಂತ ಬೂದು ತರಿಸುತ್ತೇವಲ್ಲ, ಅದೇ ಸಂಗತಿ. ಹಿಂದೆ ಶಾಯಿ ಮಾಡುತ್ತಿದ್ದದ್ದೂ ಹೀಗೇ ಅಲ್ವಾ? ಸರಿ, ನನ್ನ ಪಾತ್ರೆಗೆ ಕಬ್ಬಿಣ ಬಂದದ್ದು ಎಲ್ಲಿಂದ? ಬಚ್ಚಲಮನೆಯ ಬಕೆಟ್ಟಿನೊಳಗೆ ಕೆಂಪು ಗೆರೆ ಕಟ್ಟಿರುವುದು ನೆನಪಾಯಿತು. ನಮ್ಮ ಬೋರ್‌ ನೀರು ಹಿಡಿದಾಗ ಕನ್ನಡಿಯ ಹಾಗೆ ತಿಳಿಯಾಗಿರುತ್ತದೆ. ಒಂದು ರಾತ್ರಿ ಬಿಟ್ಟರೆ ತಳದಲ್ಲಿ ಕೆಂಪು ಗಸಿ.

ಎರಡು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ಬೋರ್‌ ನೀರು, ಇನ್ನೊಂದರಲ್ಲಿ ಮಳೆನೀರು. ಎರಡಕ್ಕೂ ಒಂದೊಂದು ಚಮಚ ಸಿಪ್ಪೆ ಕಷಾಯ. ಮಳೆನೀರು ಹಳದಿಯಾಗಿಯೇ ಉಳಿಯಿತು. ಬೋರ್‌ ನೀರು ನೋಡನೋಡುತ್ತಲೇ ಮಬ್ಬಾಯಿತು. ಅರ್ಧ ಗಂಟೆಗೆ ಸ್ಲೇಟು ತೊಳೆದ ನೀರಿನಂತಾಯಿತು. ಹೊಸ ಊರಲ್ಲಿ ಬಣ್ಣ ಹಾಕುವವರು ಮೊದಲು ಇದನ್ನು ಮಾಡಿ ನೋಡಿ. ಯಾವ ಕಿಟ್ಟೂ ಬೇಡ.

ಐದನೇ ತುಂಡಿಗೆ ಮಳೆನೀರನ್ನೇ ಬಳಸಿದೆ. ಜಾಲಿಸುವುದಕ್ಕೂ ಮಳೆನೀರೇ ಆಗಬೇಕು. ಮಳೆನೀರಿನಲ್ಲೇ ಬಣ್ಣ ಹಾಕಿದ ಸಣ್ಣ ತುಂಡೊಂದನ್ನು ಪರೀಕ್ಷೆಗೆ ಅಂತ ಬೋರ್‌ ನೀರಲ್ಲಿ ಅದ್ದಿದೆ. ಕಣ್ಣೆದುರೇ ಮಾಸಿತು. ಹಳೇ ಚುಕ್ಕೆಗಳಿಗೆ ನಿಂಬೆರಸ ಹಚ್ಚಿದೆ. ಕಪ್ಪು ಹೋಯಿತು, ಜತೆಗೆ ಹಳದಿಯೂ ಹೋಗಿ ಬಿಳಿ ಕಲೆ ಉಳಿಯಿತು. ಅದು ಬೇಡವೇ ಬೇಡ.

ಈ ಮಧ್ಯೆ ತಲೆಯಲ್ಲಿ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ, ಕೂತುಬಿಟ್ಟಿದೆ. ಹೆಗ್ಗೋಡಿನ ಕೈಮಗ್ಗದ ಸಹಕಾರ ಸಂಘ ಚರಕದವರು ಚೊಗರಿನಲ್ಲಿ ಬಣ್ಣ ಹಾಕಿದ ಬಟ್ಟೆ ನೋಡಿದ್ದೀರಲ್ಲ, ಆ ಕೆಂಪು-ಕಂದು! ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಮನೆಗೆ ಕ್ಯಾನು ಹಿಡಿದು ಹೋಗುವುದೇ. ಅದರಲ್ಲೂ ಟ್ಯಾನಿನ್ ತುಂಬಿದೆ, ಹಾಗಾಗಿ ಮಳೆನೀರು ಈಗಲೇ ಡ್ರಮ್ಮಿನಲ್ಲಿ ತುಂಬಿಡಬೇಕು. ಕೆಟ್ಟ ನಾಲ್ಕು ಖಾಕಿ ತುಂಡುಗಳಿಗೆ ಅನ್ನಭೇದಿ ಹಾಕಿ ಪೂರ್ತಿ ಬೂದು ಮಾಡುತ್ತೇನೆ. ಬೂದು ಬಟ್ಟೆಗೆ ಹಳದಿ ಅಂಚು ಹೊಲಿದರೆ ಚೆಂದದ ಕೌದಿ ಆಗುತ್ತದೆ.

ಐದನೇ ತುಂಡು ಈಗ ನೆರಳಲ್ಲಿ, ಬಿದಿರು ಗಳದ ಮೇಲೆ ಒಣಗುತ್ತಿದೆ. ಕ್ಲಿಪ್ಪು ಹಾಕಿಲ್ಲ. ಅದರ ಅಂಚಿಂದ ಒಂದು ಪಟ್ಟಿ ಕತ್ತರಿಸಿಟ್ಟಿದ್ದೇನೆ. ಬಿಸಿಲಿಗೆ ಬಣ್ಣ ಮಾಸುತ್ತದೋ ನೋಡಲು ಅರ್ಧಕ್ಕೆ ರಟ್ಟು ಮುಚ್ಚಿ ನಾಳೆಯಿಂದ ಎರಡು ವಾರ ಬಿಸಿಲು ಬೀಳುವ ಕಿಟಕಿಯಲ್ಲಿ ಇಡುತ್ತೇನೆ.