ರಂಗನತಿಟ್ಟನ್ನು ನಾನು ವೇಳಾಪಟ್ಟಿಗೆ ತುರುಕಿದ್ದು

ಮೈಸೂರಿನ ಸಣ್ಣ ಪ್ರವಾಸ ಸಂಸ್ಥೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಸ್ಸು, ಊಟ, ವಸತಿ, ಪ್ರವೇಶದ ಟಿಕೆಟ್ಟು ಎಲ್ಲವನ್ನೂ ಗಂಟೆಗಳ ಲೆಕ್ಕದಲ್ಲಿ ಒಂದು ಹಾಳೆಯ ಮೇಲೆ ಹೊಂದಿಸಿ ಗಿರಾಕಿಗಳ ಕೈಗೆ ಕೊಡುವುದು ನನ್ನ ಕೆಲಸ. ಆ ಹಾಳೆಯಲ್ಲಿ ಬಹುಕಾಲ ಒಂದು ಸಾಲು ಬದಲಾಗದೆ ಉಳಿದಿತ್ತು: “ಮಧ್ಯಾಹ್ನ 12ಕ್ಕೆ ರಂಗನತಿಟ್ಟು ಪಕ್ಷಿಧಾಮ, ದೋಣಿವಿಹಾರ, 45 ನಿಮಿಷ.” ಬೆಳಗ್ಗೆ ಶ್ರೀರಂಗಪಟ್ಟಣದಲ್ಲಿ ರಂಗನಾಥಸ್ವಾಮಿಯ ದರ್ಶನ ಮತ್ತು ದರಿಯಾ ದೌಲತ್, ಸಂಜೆ ಬೃಂದಾವನ; ನಡುವೆ ಊಟಕ್ಕೆ ಮುಂಚೆ ಉಳಿಯುತ್ತಿದ್ದ ಖಾಲಿ ಜಾಗಕ್ಕೆ, ಕೆಲವೇ ಕಿಲೋಮೀಟರ್ ದೂರದ ರಂಗನತಿಟ್ಟು ಅಳತೆ ತೆಗೆದು ಹೊಲಿಸಿದಂತೆ ಕೂರುತ್ತಿತ್ತು. ಆ ಹೊತ್ತಿಗೆ ಹಕ್ಕಿಗಳು ಏನು ಮಾಡುತ್ತಿರುತ್ತವೆ, ನದಿ ಹೇಗಿರುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ.

2018ರ ಜುಲೈನಲ್ಲಿ ಬೆಂಗಳೂರಿನಿಂದ ನಿವೃತ್ತ ನೌಕರರ ಮೂವತ್ತನಾಲ್ಕು ಜನರ ತಂಡವೊಂದು ಬಂದಿತ್ತು. ಅವರಲ್ಲಿ ಹೆಚ್ಚಿನವರು ರಂಗನತಿಟ್ಟಿಗೆಂದೇ ಹೆಸರು ಬರೆಸಿದವರು; ಹಿರಿಯ ಮೇಷ್ಟ್ರೊಬ್ಬರು ಕೊರಳಿಗೆ ಹೊಸ ದುರ್ಬೀನು ನೇತುಹಾಕಿಕೊಂಡೇ ಬಸ್ಸು ಹತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಬಿಸಿಲು ಬಿದ್ದಿತ್ತು, ಒಂದು ಹನಿ ಮಳೆಯೂ ಇರಲಿಲ್ಲ. ಆದರೆ ಪಕ್ಷಿಧಾಮದ ದೋಣಿಕಟ್ಟೆಗೆ ಹೋದಾಗ ಕಂಡದ್ದು ಕಟ್ಟಿಹಾಕಿದ ದೋಣಿಗಳು, ಕೆಂಪಗೆ ಮೊರೆಯುತ್ತಿದ್ದ ಕಾವೇರಿ, ಮತ್ತು ಅರ್ಧ ಮುಳುಗಿ ತುದಿಗಳಷ್ಟೇ ತೊನೆಯುತ್ತಿದ್ದ ಪೊದೆಗಳು. ದೋಣಿವಿಹಾರವನ್ನು ನಿಲ್ಲಿಸಿ ಕೆಲವು ದಿನಗಳೇ ಆಗಿದ್ದವು.

ಇದರಲ್ಲಿ ಅನಿರೀಕ್ಷಿತವಾದದ್ದು ಏನೂ ಇರಲಿಲ್ಲ ಎಂಬುದೇ ನನಗೆ ಇಂದಿಗೂ ನಾಚಿಕೆ ತರುವ ಸಂಗತಿ. ಕನ್ನಂಬಾಡಿ ಕಟ್ಟೆ ತುಂಬಿದ ಸುದ್ದಿ ಆ ವಾರ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿತ್ತು. ಮಟ್ಟ 124.80 ಅಡಿ ಮುಟ್ಟಿದ್ದನ್ನು ಓದಿ, ಈ ಸಲ ಮಂಡ್ಯದ ಗದ್ದೆಗಳಿಗೆ ನೀರಿಗೆ ತೊಂದರೆಯಿಲ್ಲ ಎಂದು ನಾನೇ ಕಚೇರಿಯಲ್ಲಿ ಸಂತೋಷಪಟ್ಟಿದ್ದೆ. ಆದರೆ ಒಳಹರಿವಿನ ಪಕ್ಕದಲ್ಲೇ ಅಚ್ಚಾಗುವ ಹೊರಹರಿವಿನ ಅಂಕಿಗೂ ನನ್ನ ಹಾಳೆಯ ಹನ್ನೆರಡು ಗಂಟೆಯ ಸಾಲಿಗೂ ನಂಟಿದೆ ಎಂದು ಹೊಳೆಯಲಿಲ್ಲ. ರಂಗನತಿಟ್ಟಿರುವುದು ಅಣೆಕಟ್ಟಿನ ಕೆಳಭಾಗದ ಹೊಳೆಯ ನಡುವೆ. ಕೊಡಗು, ಮಲೆನಾಡುಗಳಲ್ಲಿ ಮಳೆ ಹಿಡಿದು ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ತುಂಬಿ ಬಂದಾಗ, ಕಟ್ಟೆಯಲ್ಲಿ ಹಿಡಿಸದ ನೀರು ಗೇಟುಗಳಿಂದ ಹೊರಬಿದ್ದು ನೇರವಾಗಿ ಈ ನಡುಗಡ್ಡೆಗಳಿಗೇ ಬಂದು ಬಡಿಯುತ್ತದೆ. ತಲೆಯ ಮೇಲಿನ ಆಕಾಶವನ್ನು ನೋಡಿ ಇಲ್ಲಿನ ಪ್ರವಾಸವನ್ನು ನಿರ್ಧರಿಸುವಂತಿಲ್ಲ.

ಈ ನಡುಗಡ್ಡೆಗಳು ಹುಟ್ಟಿದ್ದೂ ನೀರನ್ನು ತಡೆದದ್ದರಿಂದಲೇ. ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಈ ತಿಟ್ಟುಗಳು ರೂಪುಗೊಂಡವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ ಇರುವುದರಿಂದ ನೆಲದ ಮೇಲೆ ಓಡಾಡುವ, ಬೇಟೆಯಾಡುವ ಪ್ರಾಣಿಗಳಿಗೆ ಗೂಡಿನ ಹತ್ತಿರ ಬರುವುದು ಸುಲಭವಲ್ಲ. ಹಕ್ಕಿಗಳು ಇಲ್ಲಿ ಸಂತಾನ ಬೆಳೆಸಲು ಇದೂ ಒಂದು ಕಾರಣ. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿತು, 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಈ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಆಗಲೇ ಬಸ್ಸಿನ ಮೈಕಿನಲ್ಲಿ ಹೇಳುತ್ತ ಬಂದವನೇ. ಹೇಳುವುದಕ್ಕೂ ಅದರಂತೆ ನಡೆದುಕೊಳ್ಳುವುದಕ್ಕೂ ಇರುವ ಅಂತರ ಮಾತ್ರ ಆ ದಿನ ದೋಣಿಕಟ್ಟೆಯಲ್ಲಿ ಗೊತ್ತಾಯಿತು.

ತಂಡದವರ ಮುಖ ಬಾಡಿದ್ದನ್ನು ಕಂಡು ನಾನು ಎರಡನೆಯ ತಪ್ಪು ಮಾಡಿದೆ. ಮರುದಿನ ಬೆಂಗಳೂರಿಗೆ ಹಿಂದಿರುಗುವಾಗ ರುದ್ರಾಕ್ಷಿಪುರದ ಬಳಿ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋಗೋಣ, ಅಲ್ಲಿ ದೋಣಿಯೇ ಬೇಡ, ಊರೊಳಗಿನ ಹುಣಸೆಮರಗಳ ಮೇಲೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ತಲೆಯ ಮೇಲೇ ಕಾಣುತ್ತವೆ ಎಂದು ಆಶ್ವಾಸನೆ ಕೊಟ್ಟುಬಿಟ್ಟೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ತಿಂಗಳು ಮಾತ್ರ ತಪ್ಪಾಗಿತ್ತು. ಚಳಿಗಾಲದ ಹೊತ್ತಿಗೆ ಬಂದು ಗೂಡು ಕಟ್ಟುವ ಆ ಹಕ್ಕಿಗಳು, ಮಳೆಗಾಲ ಬಲಿಯುವಷ್ಟರಲ್ಲಿ ಮರಿಗಳನ್ನು ಹಾರಿಸಿಕೊಂಡು ಊರು ಬಿಟ್ಟಿರುತ್ತವೆ. ನಾವು ಹೋದಾಗ ಮರಗಳ ಮೇಲೆ ಚದುರಿದ ಕಡ್ಡಿಗಳಷ್ಟೇ ಇದ್ದವು. ಜಗಲಿಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯೊಬ್ಬರನ್ನು, “ಹಕ್ಕಿಗಳು ಎಲ್ಲಿ ಅಜ್ಜಿ?” ಎಂದು ಕೇಳಿದೆ. ಅವರು ಕೈಕೆಲಸ ನಿಲ್ಲಿಸದೆ, “ಬಾಣಂತನ ಮುಗುಸ್ಕೊಂಡು ಮಕ್ಳು ಕರ್ಕೊಂಡು ಹೋದ್ಮೇಲೆ ನೋಡಕ್ ಬಂದ್ರಲ್ಲಪ್ಪ” ಎಂದರು. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಆ ನಗುವಿನಲ್ಲಿ ಜೀವವಿರಲಿಲ್ಲ.

ಆ ಊರಿನವರು ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ. ಅರಣ್ಯಾಧಿಕಾರಿಯಾಗಿದ್ದ ಎಸ್‌. ಜಿ. ನೇಗಿನಹಾಳರು 1976ರಲ್ಲಿ ಈ ಗೂಡುತಾಣದ ಕಡೆಗೆ ಹೊರಗಿನವರ ಗಮನ ಸೆಳೆದರು. ಗೂಡಿರುವ ಮರದ ಹುಣಸೆ ಫಸಲು ಕೈಬಿಟ್ಟವರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಕೊಡುವ ಏರ್ಪಾಡಾಯಿತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಿಕ್ಕೆಯ ವಾಸನೆಯನ್ನೂ ಅಂಗಳಕ್ಕೆ ಬೀಳುವ ಮೀನಿನ ಚೂರುಗಳನ್ನೂ ಸಹಿಸಿಕೊಂಡು ಬದುಕುವ ಮನೆಗಳ ನಡುವೆ, ತಿಂಗಳು ಯಾವುದೆಂದೂ ವಿಚಾರಿಸದೆ ಮೂವತ್ತನಾಲ್ಕು ಜನರನ್ನು ಇಳಿಸಿದವನು ನಾನು.

ಕಚೇರಿಗೆ ಮರಳಿದ ಮೇಲೆ ದೋಣಿಯ ಹಣವನ್ನು ಹಿಂದಿರುಗಿಸಿದೆವು. ಪ್ರಕೃತಿ ವೈಪರೀತ್ಯಕ್ಕೆ ಸಂಸ್ಥೆ ಹೊಣೆಯಲ್ಲ ಎಂಬ ಸಾಲೊಂದನ್ನು ಹಾಳೆಯ ಕೆಳಗೆ ಸೇರಿಸಿದರೆ ಸಾಕೆಂದು ಮೇಲಿನವರು ಹೇಳಿದರು. ಮಳೆಗಾಲದಲ್ಲಿ ನದಿ ತುಂಬುವುದು ವೈಪರೀತ್ಯ ಹೇಗಾಗುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಆ ಸಾಲನ್ನು ನಾನು ಸೇರಿಸಲಿಲ್ಲ. ಅದರ ಬದಲು ಒಂದು ವರ್ಷ, ಬಿಡುವಿದ್ದಾಗಲೆಲ್ಲ ಒಬ್ಬನೇ ರಂಗನತಿಟ್ಟಿಗೆ ಹೋಗಿ ದೋಣಿ ನಡೆಸುವವರ ಪಕ್ಕದಲ್ಲಿ ಕುಳಿತೆ.

ಮಾರ್ಚ್ ತಿಂಗಳ ಒಂದು ನಡುಮಧ್ಯಾಹ್ನ, ನನ್ನ ಹಾಳೆಯ ಹನ್ನೆರಡು ಗಂಟೆಯಲ್ಲೇ, ದೋಣಿಯವರು ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದು ಮರವೊಂದನ್ನು ಕಣ್ಣಿನಲ್ಲೇ ತೋರಿಸಿದರು. ಗೂಡಿನ ಅಂಚಿನಲ್ಲಿ ಬಣ್ಣದ ಕೊಕ್ಕರೆಯೊಂದು ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರೆಬಿಚ್ಚಿ, ಕೊಡೆ ಹಿಡಿದಂತೆ ನಿಂತಿತ್ತು. ಅದರ ನೆರಳಿನಷ್ಟೇ ಅಗಲದ ಜಾಗದಲ್ಲಿ ಬಿಳಿ ತುಪ್ಪುಳದ ಮೂರು ಮರಿಗಳು ಒತ್ತಿಕೊಂಡಿದ್ದವು. ಬಿಸಿಲು ಸರಿದಂತೆ ಅದೂ ಒಂದೊಂದೇ ಹೆಜ್ಜೆ ಸರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಜೋಡಿ ಹಾರಿ ಬಂದು, ಗಂಟಲಲ್ಲಿ ತುಂಬಿಕೊಂಡು ತಂದ ನೀರನ್ನು ಮರಿಗಳ ಮೈಮೇಲೂ ತೆರೆದ ಬಾಯಿಗಳಿಗೂ ಸುರಿಸಿತು. “ಈಗ ಯಾರಾದ್ರೂ ಕೂಗಿದ್ರೆ ಇದು ಎದ್ದುಬಿಡ್ತದೆ ಸಾರ್. ಮರಿಗೆ ಬಿಸ್ಲೂ ಬಡೀತದೆ, ಹದ್ದೂ ಕಾಗೇನೂ ಕಾಯ್ತಾ ಇರ್ತವೆ” ಎಂದು ದೋಣಿಯವರು ಪಿಸುಗುಟ್ಟಿದರು. ಊಟಕ್ಕೆ ಮುಂಚಿನ ಹಸಿವಿನಲ್ಲಿ ಚಡಪಡಿಸುವ, ಮೊಸಳೆ ಪ್ಲಾಸ್ಟಿಕ್ಕಿನದೋ ನಿಜದ್ದೋ ಎಂದು ಚಪ್ಪಾಳೆ ತಟ್ಟಿ ಪರೀಕ್ಷಿಸುವ ಎಷ್ಟು ತಂಡಗಳನ್ನು ನಾನು ಸರಿಯಾಗಿ ಈ ಹೊತ್ತಿಗೇ ಇಲ್ಲಿಗೆ ಕಳಿಸಿದ್ದೆನೋ, ಲೆಕ್ಕವಿಲ್ಲ.

ಅಂದಿನಿಂದ ಹಾಳೆಯನ್ನು ತಿರುಗಿ ಬರೆದಿದ್ದೇನೆ. ರಂಗನತಿಟ್ಟು ಈಗ ದಿನದ ಮೊದಲ ಭೇಟಿ, ದೇವಸ್ಥಾನ ಅದರ ನಂತರ. ಇದಕ್ಕೆ ಗಿರಾಕಿಗಳಿಂದ ಆಕ್ಷೇಪಗಳು ಬಂದವು. ದೇವರಿಗಿಂತ ಮೊದಲು ಹಕ್ಕಿಯೇ ಎಂದು ಕೇಳಿದವರಿಗೆ, ರಂಗನಾಥಸ್ವಾಮಿ ಮಲಗಿರುವುದೂ ಇದೇ ಹೊಳೆಯ ನಡುವೆಯೇ ಎಂದು ಹೇಳಿ ನಗಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿವಿಹಾರವನ್ನು ದರದಲ್ಲಿ ಸೇರಿಸದೆ, ಅಲ್ಲಿಗೆ ಹೋದ ಮೇಲೆ ಸಿಕ್ಕರೆ ಕೊಡುವ ಖರ್ಚೆಂದು ಬರೆಯುತ್ತೇನೆ. ಹೊರಡುವ ಹಿಂದಿನ ಸಂಜೆ ಹೊರಹರಿವಿನ ಅಂಕಿ ನೋಡಿ ಪಕ್ಷಿಧಾಮದವರನ್ನು ವಿಚಾರಿಸುತ್ತೇನೆ. ಯಾವ ತಿಂಗಳಲ್ಲಿ ಏನು ಕಾಣಬಹುದು, ಏನು ಕಾಣದೇ ಇರಬಹುದು ಎಂಬುದನ್ನು ಮುಂಗಡ ಹಣ ಪಡೆಯುವ ಮೊದಲೇ ಹೇಳುತ್ತೇನೆ. ಇದರಿಂದ ಕೆಲವು ಬುಕಿಂಗ್‌ಗಳು ಕೈತಪ್ಪಿದ್ದೂ ಉಂಟು.

ದುರ್ಬೀನಿನ ಮೇಷ್ಟ್ರು ಹೊಸ ಹಾಳೆಯ ಪ್ರಕಾರ, ನಾನು ಕರೆದ ಮೇಲೆ, ಒಂದು ಏಪ್ರಿಲ್‌ನಲ್ಲಿ ಮತ್ತೆ ಬಂದರು. ದೋಣಿ ಹೊರಟು ಸ್ವಲ್ಪ ಹೊತ್ತಿಗೆ ದೋಣಿಯವರು, ಮುಂದಿನ ಬಂಡೆಯ ಬಳಿ ಹೋಗುವುದಿಲ್ಲ, ಅಲ್ಲಿ ಮೊಟ್ಟೆಗಳಿವೆ ಎಂದರು. ರಿವರ್ ಟರ್ನ್ ಎಂದು ಪಕ್ಷಿಪ್ರಿಯರು ಕರೆಯುವ ಹಳದಿ ಕೊಕ್ಕಿನ, ಕಪ್ಪು ನೆತ್ತಿಯ ಹಕ್ಕಿ ಗೂಡನ್ನೇ ಕಟ್ಟದೆ ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಹಿಂದೆಯಾಗಿದ್ದರೆ ನಾನು ದುಡ್ಡು ಕೊಟ್ಟಿದ್ದೇವಲ್ಲ ಎಂದು ಚೌಕಾಸಿಗೆ ಇಳಿಯುತ್ತಿದ್ದೆ. ಆ ದಿನ ಸುಮ್ಮನೆ ತಲೆಯಾಡಿಸಿದೆ. ಮೇಷ್ಟ್ರು ಕುಳಿತಲ್ಲಿಂದಲೇ ದುರ್ಬೀನನ್ನು ಬಂಡೆಯ ಕಡೆ ತಿರುಗಿಸಿ ಬಹಳ ಹೊತ್ತು ನೋಡಿ, ಆಮೇಲೆ ಅದನ್ನು ಕೊರಳಿನಿಂದ ತೆಗೆದು, “ಎಡಗಡೆ ಮೂಲೆ, ಎರಡಿವೆ” ಎಂದು ನನ್ನ ಕೈಗೆ ಕೊಟ್ಟರು.