ವಾಪಸ್ ಬಾರದ ಎಡಗೈ

ಕಾಲೇಜಿನ ನೆನಪು ಬರೆದುಕೊಡಿ ಎಂದು ಪತ್ರಿಕೆಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಏಟುಗಳನ್ನು ಹಿಡಿಯಲು ಬಾಕ್ಸಿಂಗ್ ಕೋಚ್ ಸರ್ ಕೈಗೆ ಹಾಕಿಕೊಳ್ಳುತ್ತಿದ್ದ ಪ್ಯಾಡ್. ಬಲಗೈ ಪ್ಯಾಡಿನ ಅಂಚಿನಲ್ಲಿ ಚರ್ಮ ಕಿತ್ತುಬಂದಿತ್ತು. ಅದಕ್ಕೆ ಬಿಳಿ ಟೇಪ್ ಸುತ್ತಿದ್ದರು. ಎರಡು ವರ್ಷ ಅದು ನನ್ನ ಎಡಕೆನ್ನೆಗೆ ಬಡಿಯುತ್ತಲೇ ಇತ್ತು.

ಮೊದಲ ವರ್ಷ ಆಡಿದ ನಾಲ್ಕು ಬೌಟ್‌ಗಳನ್ನೂ, ಅಂದರೆ ಪಂದ್ಯಗಳನ್ನೂ, ನಾನು ಗೆದ್ದಿದ್ದೆ. ನನಗೆ ಕೈ ಉದ್ದ, ಬಲಗೈ ಏಟು ಜೋರು. ದೂರದಲ್ಲಿ ನಿಂತು ಮುಂದಿನ ಕೈಯಾದ ಎಡಗೈಯಲ್ಲಿ ಜಾಬ್, ಅಂದರೆ ಚುರುಕಾದ ನೇರ ಏಟು, ಹಾಕುತ್ತಿದ್ದೆ. ಎದುರಿನವನು ತಡಬಡಾಯಿಸಿದ ಕೂಡಲೇ ಬಲಗೈ ಬೀಸುತ್ತಿದ್ದೆ. ಅಷ್ಟೇ ನನ್ನ ಆಟ. ಅದೇ ನನ್ನ ಸ್ಟೈಲ್ ಎಂದು ನಂಬಿಕೊಂಡಿದ್ದೆ. ಎದುರಿಗೆ ಬಂದವರೂ ನನ್ನ ಹಾಗೆ ಹೊಸಬರು. ಜಾಬ್ ಮುಖದ ಹತ್ತಿರ ಬಂದರೆ ಕಣ್ಣು ಮುಚ್ಚುತ್ತಿದ್ದರು. ಕಣ್ಣು ಮುಚ್ಚಿದವರಿಗೆ ನನ್ನ ತಪ್ಪು ಹೇಗೆ ಕಾಣಬೇಕು?

ಎರಡನೇ ವರ್ಷದ ಟೂರ್ನಿಯಲ್ಲಿ ಕಣ್ಣು ಮುಚ್ಚದ ಹುಡುಗನೊಬ್ಬ ಸಿಕ್ಕ. ನನಗಿಂತ ಗಿಡ್ಡ, ಮೈಕಟ್ಟೂ ಸಾಧಾರಣ. ಮೊದಲ ರೌಂಡಿನಲ್ಲಿ ಅವನು ಹೆಚ್ಚೇನೂ ಮಾಡಲಿಲ್ಲ. ಮುಖ ಕಾಯಲು ಎರಡೂ ಕೈ ಎತ್ತಿ ಗಾರ್ಡ್ ಹಿಡಿದುಕೊಂಡು ನೋಡುತ್ತಿದ್ದ, ಅಷ್ಟೇ. ರೌಂಡ್ ನನ್ನದಾಯಿತು. ಎರಡನೇ ರೌಂಡ್ ಶುರುವಾಗಿ ಸ್ವಲ್ಪ ಹೊತ್ತಿಗೆ ನಾನು ಜಾಬ್ ಹಾಕಿದೆ. ಕೈ ವಾಪಸ್ ಬರುವ ಮೊದಲೇ ಅದರ ಮೇಲಿಂದ ಅವನ ಬಲಗೈ ಬಂದು ದವಡೆಗೆ ಬಿತ್ತು. ಏನೋ ಆಕಸ್ಮಿಕ ಅಂದುಕೊಂಡೆ. ಮತ್ತೆ ಜಾಬ್ ಹಾಕಿದೆ, ಮತ್ತೆ ಅದೇ ಏಟು. ಮೂರನೇ ಸಲ ನನ್ನ ಮೊಣಕಾಲು ಕುಸಿಯಿತು. ರೆಫರಿ ಎಂಟರವರೆಗೆ ಎಣಿಸಿದರು. ಆ ಬೌಟ್ ಮುಗಿಯುವವರೆಗೂ ನಾನು ಜಾಬ್ ಹಾಕಲು ಹೆದರಿದೆ. ಜಾಬ್ ಇಲ್ಲದ ಮೇಲೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.

ಕೋಚ್ ಸರ್ ಬೈಯಲಿಲ್ಲ. ಮಾರನೇ ದಿನ ಹಾಲ್‌ನಲ್ಲಿ ಪಕ್ಕ ಕೂರಿಸಿಕೊಂಡು ಅಮೆರಿಕದ ಹೆವಿವೇಟ್ ಬಾಕ್ಸರ್ ಜೋ ಲೂಯಿಸ್ ಕತೆ ಹೇಳಿದರು. ಲೂಯಿಸ್ ವೃತ್ತಿಪರ ಬಾಕ್ಸಿಂಗಿಗೆ ಬಂದಮೇಲೆ 1936ರವರೆಗೆ ಸೋಲೇ ಕಂಡಿರಲಿಲ್ಲ. ಆ ವರ್ಷ ಜೂನ್‌ನಲ್ಲಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಎದುರಾದ. ಷ್ಮೆಲಿಂಗ್ ಲೂಯಿಸನ ಆಟವನ್ನು ಕೂತು ನೋಡಿ ಒಂದೇ ಒಂದು ವಿಷಯ ಹಿಡಿದಿದ್ದ. ಜಾಬ್ ಹಾಕಿದ ಮೇಲೆ ಲೂಯಿಸನ ಎಡಗೈ ಕೆಳಗೆ ಇಳಿಯುತ್ತದೆ. ಆ ಸಂದಿಗೆ ಬಲಗೈ ಹಾಕುತ್ತಾ ಹೋದ. ನಾಲ್ಕನೇ ರೌಂಡಿನಲ್ಲಿ ಕೆಡವಿದ, ಹನ್ನೆರಡನೇ ರೌಂಡಿನಲ್ಲಿ ನಾಕೌಟ್ ಮಾಡಿದ.

"ಲೂಯಿಸ್‌ಗೇ ಆಗಿದ್ದು ನಿನಗೆ ಆಗಿದೆ. ಅವಮಾನ ಯಾಕಪ್ಪ?" ಅಂದರು ಸರ್.

ಎರಡು ವರ್ಷದ ನಂತರ, 1938ರ ಜೂನ್ 22ರಂದು, ಅದೇ ಸ್ಟೇಡಿಯಂನಲ್ಲಿ ಇಬ್ಬರೂ ಮತ್ತೆ ಎದುರಾದರು. ಷ್ಮೆಲಿಂಗ್‌ಗೆ ನೋಡಿಕೊಂಡು ಬಲಗೈ ಹಾಕಲು ಸಮಯವನ್ನೇ ಕೊಡದೆ ಲೂಯಿಸ್ ಮೊದಲ ರೌಂಡಿನ ಗಂಟೆ ಬಾರಿಸಿದ ಕೂಡಲೇ ಮೇಲೆ ಬಿದ್ದ. 2 ನಿಮಿಷ 4 ಸೆಕೆಂಡಿಗೆ ಎಲ್ಲ ಮುಗಿದಿತ್ತು. ಈ ಗೆಲುವನ್ನು ಜನ ಸೇಡು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಆಟದಲ್ಲಿ ಎಲ್ಲಿ ತೂತಿದೆ ಎಂದು ಗೊತ್ತಾದವನು ಹೇಗೆ ಆಡುತ್ತಾನೋ ಹಾಗೆ ಆಡಿದ ಅನ್ನಿಸುತ್ತದೆ. ಸ್ಟೈಲ್ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದರಲ್ಲಿ ಅರ್ಧದಷ್ಟು, ಇನ್ನೂ ಯಾರ ಕೈಗೂ ಸಿಕ್ಕಿಬೀಳದ ತಪ್ಪುಗಳೇ ಇರುತ್ತವೆ ಅಲ್ವಾ?

ಅಂದಿನಿಂದ ಶುರುವಾಯಿತು ಪ್ಯಾಡ್ ಕೆಲಸ. ನಾನು ಜಾಬ್ ಹಾಕಬೇಕು. ಸರ್ ಅದನ್ನು ಎಡಗೈ ಪ್ಯಾಡಿನ ಮೇಲೆ ಹಿಡಿಯುತ್ತಿದ್ದರು. ನನ್ನ ಕೈ ಹೋದ ದಾರಿಯಲ್ಲೇ ಕೆನ್ನೆಗೆ ವಾಪಸ್ ಬಂದರೆ ಸರಿ. ನಾಲ್ಕು ಬೆರಳು ಕೆಳಗಿಳಿದು ಬಂದರೂ ಟೇಪ್ ಸುತ್ತಿದ ಬಲಗೈ ಪ್ಯಾಡ್ ಕೆನ್ನೆಗೆ ಬೀಳುತ್ತಿತ್ತು. ಜೋರಾಗಿ ಏನಲ್ಲ, ಆದರೆ ತಪ್ಪದೆ. ಸುಸ್ತಾದಾಗ ಕೈ ಇನ್ನೂ ಕೆಳಗಿಳಿಯುತ್ತದೆ. ಅದಕ್ಕೇ ಈ ಕೆಲಸವನ್ನು ಬೇಕೆಂದೇ ಕೊನೆಗೆ ಇಡುತ್ತಿದ್ದರು. ಹಗ್ಗ ಜಿಗಿದು, ಬ್ಯಾಗ್ ಹೊಡೆದು, ಭುಜ ಉರಿಯುತ್ತಿರುವಾಗ.

ಒಂದು ತಪ್ಪು ತಿದ್ದಲು ಹೋದರೆ ಆಟವೇ ಬದಲಾಗುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಎಡಗೈ ಬೇಗ ವಾಪಸ್ ಬರತೊಡಗಿದ ಮೇಲೆ ಅದೇ ಕೈಯಿಂದ ಎರಡನೇ ಜಾಬ್ ಹಾಕಲು ಸಾಧ್ಯವಾಯಿತು. ಎದುರಿನವನು ಮೊದಲನೆಯದಕ್ಕೆ ಉತ್ತರ ಕೊಡಲು ಹೊರಟಾಗ ಎರಡನೆಯದು ಅವನ ಮುಖದ ಮೇಲಿರುತ್ತಿತ್ತು. ಮೈ ಮುಂದಕ್ಕೆ ವಾಲುವುದು ನಿಂತಿತು. ತೂಕ ಎರಡೂ ಕಾಲಿನ ಮೇಲೆ ಇದ್ದುದರಿಂದ ಪಕ್ಕಕ್ಕೆ ಹೆಜ್ಜೆ ಇಡಲು ಬಂತು. ಬೀಸುತ್ತಿದ್ದ ಬಲಗೈ ತಾನಾಗೇ ನೇರವಾಯಿತು. ಕನ್ನಡಿ ಮುಂದೆ ನಿಂತು ನೆರಳಿನ ಜೊತೆ ಆಡುವಾಗ ಬೇರೆ ಯಾರನ್ನೋ ನೋಡಿದ ಹಾಗೆ ಅನ್ನಿಸುತ್ತಿತ್ತು.

ಆಮೇಲೆ ಎಡಚನೊಬ್ಬ ಸಿಕ್ಕ. ಸೌತ್‌ಪಾ, ಅಂದರೆ ಬಲಗಾಲು ಬಲಗೈ ಮುಂದಿಟ್ಟು ಆಡುವ ಎಡಚನ ಜೊತೆ ಆಡದವರಿಗೆ ಆ ಗೊಂದಲ ಹೇಳಿ ತಿಳಿಸುವುದು ಕಷ್ಟ. ಅವನ ಮುಂದಿನ ಕಾಲು ಬಲಗಾಲು, ನಮ್ಮದು ಎಡಗಾಲು. ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ನನ್ನ ಜಾಬ್ ಅವನ ಮುಂಗೈಗೆ ತಗುಲಿ ಅಲ್ಲೇ ನಿಲ್ಲುತ್ತಿತ್ತು. ಅವನ ಎಡಗೈ ಮಾತ್ರ ಎಲ್ಲಿಂದಲೋ ಬರುತ್ತಿತ್ತು. ಆ ಬೌಟೂ ಸೋತೆ. ಸರ್ ಚಾಕ್‌ಪೀಸ್ ತಂದು ನೆಲದ ಮೇಲೆ ಗೆರೆ ಎಳೆದರು. ತಮ್ಮ ಬಲಗಾಲಿನ ಶೂ ಆ ಗೆರೆಯ ಮೇಲಿಟ್ಟು, "ನಿನ್ನ ಎಡಗಾಲು ಇದರ ಹೊರಗೆ ಇರಬೇಕು. ಒಳಗೆ ಬಂದೆಯೋ, ಅವನ ಎಡಗೈಗೆ ನೀನೇ ಹೋಗಿ ನಿಂತ ಹಾಗೆ" ಅಂದರು. ಒಂದು ತಿಂಗಳು ಏಟೇ ಇಲ್ಲ, ಬರೀ ಕಾಲು. ಅವರು ಸರಿದ ಹಾಗೆಲ್ಲ ನಾನು ಹೊರಗೆ ಸರಿಯಬೇಕು. ಹೊರಗೆ ನಿಂತರೆ ನನ್ನ ಬಲಗೈಗೆ ಅವನ ಮುಖದವರೆಗೆ ನೇರ ದಾರಿ ತೆರೆಯುತ್ತದೆ.

ಎಡಚರ ಪಾಡೂ ಸುಲಭದ್ದಲ್ಲ. ಫಿಲಿಪ್ಪೀನ್ಸಿನ ಬಾಕ್ಸರ್ ಮ್ಯಾನಿ ಪಕ್ವಿಯಾವೊನನ್ನೇ ತೆಗೆದುಕೊಳ್ಳಿ. ಅವನ ಎಡಗೈ ಮಿಂಚು. ಆದರೆ ಎಲ್ಲದಕ್ಕೂ ಅದನ್ನೇ ನಂಬಿದ್ದ. 2005ರ ಮಾರ್ಚ್‌ನಲ್ಲಿ ಎರಿಕ್ ಮೊರಾಲೆಸ್ ಎದುರು ಸೋತ. ಕೋಚ್ ಫ್ರೆಡ್ಡಿ ರೋಚ್ ಜೊತೆ ಕೂತು ಬಲಗೈಯನ್ನೂ ಆಯುಧ ಮಾಡಿಕೊಂಡ. 2006ರ ಜನವರಿಯಲ್ಲಿ ಅದೇ ಮೊರಾಲೆಸ್‌ನನ್ನು ಹತ್ತನೇ ರೌಂಡಿನಲ್ಲಿ, ನವೆಂಬರ್‌ನಲ್ಲಿ ಮೂರನೇ ರೌಂಡಿನಲ್ಲಿ ಸೋಲಿಸಿದ. ಮೊರಾಲೆಸ್ ಸಿಗದಿದ್ದರೆ ಆ ಬಲಗೈ ಎಷ್ಟು ವರ್ಷ ಸುಮ್ನೆ ಇರುತ್ತಿತ್ತೋ!

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಬೇಕು. ಮಹಮ್ಮದ್ ಅಲಿ 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ರಿಂಗಿನ ಹಗ್ಗಕ್ಕೆ ಒರಗಿ ನಿಂತು, ಜಾರ್ಜ್ ಫೋರ್‌ಮನ್‌ನ ಏಟುಗಳನ್ನೆಲ್ಲ ತಾಳಿಕೊಂಡು, ಅವನು ಸುಸ್ತಾದ ಮೇಲೆ ಎಂಟನೇ ರೌಂಡಿನಲ್ಲಿ ಕೆಡವಿದ್ದು ನನ್ನ ತಲೆಯಲ್ಲಿ ಕೂತಿತ್ತು. ಸದಾ ಮುಂದಕ್ಕೆ ನುಗ್ಗುವ ಒಬ್ಬ ಹುಡುಗ ಸಿಕ್ಕಾಗ ನಾನೂ ಹಗ್ಗಕ್ಕೆ ಒರಗಿದೆ. ಪಕ್ಕೆಲುಬಿಗೆ ಬಿದ್ದ ಏಟುಗಳು ವಾರಗಟ್ಟಲೆ ನೋಯುತ್ತಿದ್ದವು. ಸರ್ ಸಮಾಧಾನವಾಗಿ ಹೇಳಿದರು. ಅಲಿಗೆ ಅಂದು 15 ರೌಂಡ್ ಇತ್ತು. ನಮಗಿರುವುದು ಮೂರು ನಿಮಿಷದ 3 ರೌಂಡ್. ನಾವು ಹಗ್ಗದಲ್ಲಿ ನಿಂತರೆ ಎದುರಿನವನು ಸುಸ್ತಾಗುವ ಮೊದಲೇ ಗಂಟೆ ಬಾರಿಸುತ್ತದೆ. ಅಷ್ಟೇ ಅಲ್ಲ, ಅಲಿ ಸುಮ್ಮನೆ ಒರಗಿದವನಲ್ಲ. ಮೊದಲ ರೌಂಡಿನಲ್ಲಿ ಬಲಗೈಯಿಂದಲೇ ಶುರು ಮಾಡಿ ಫೋರ್‌ಮನ್‌ನನ್ನು ಚೆನ್ನಾಗಿ ಹೊಡೆದಿದ್ದ. 1967ಕ್ಕೆ ಮುಂಚಿನ ಅಲಿಯಾಗಿದ್ದರೆ ರಿಂಗ್ ತುಂಬ ಓಡಾಡಿಯೇ ಗೆಲ್ಲುತ್ತಿದ್ದ. ಸೇನೆಗೆ ಸೇರಲು ಒಪ್ಪದ್ದಕ್ಕೆ ಆ ವರ್ಷದಿಂದ ಮೂರೂವರೆ ವರ್ಷ ಆಟದಿಂದ ಹೊರಗಿಟ್ಟ ಮೇಲೆ ಕಾಲಿನಲ್ಲಿ ಆ ಓಟ ಉಳಿದಿರಲಿಲ್ಲ. 1971ರಲ್ಲಿ ಜೋ ಫ್ರೇಜಿಯರ್‌ನ ಎಡ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಎಡಗೈ ಏಟು, ಹದಿನೈದನೇ ರೌಂಡಿನಲ್ಲಿ ಅವನನ್ನು ನೆಲಕ್ಕೆ ಕೆಡವಿತ್ತು. ಏಟು ತಾಳುವ ಶಕ್ತಿ ತನಗೆಷ್ಟಿದೆ ಎಂದು ಫೋರ್‌ಮನ್ ಎದುರು ನಿಲ್ಲುವ ಹೊತ್ತಿಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಉಕ್ರೇನಿನ ಹೆವಿವೇಟ್ ಬಾಕ್ಸರ್ ವ್ಲಾಡಿಮಿರ್ ಕ್ಲಿಚ್‌ಕೊ ಆಟ ನೋಡಿ ಬೇಜಾರು ಅನ್ನುವವರು ಈಗಲೂ ಜಾಸ್ತಿ. ಉದ್ದ ಜಾಬ್, ಹತ್ತಿರ ಬಂದರೆ ತಬ್ಬಿ ಹಿಡಿಯುವುದು. ನಾನು ಅವನ ಪರ. 2003ರಲ್ಲಿ ಒಮ್ಮೆ, 2004ರಲ್ಲಿ ಒಮ್ಮೆ ನಾಕೌಟ್ ಆದ ಮೇಲೆ, ತನ್ನ ಮೈಗೆ ಹೊಂದುವ ಆಟವನ್ನು ಕೋಚ್ ಇಮ್ಯಾನುಯೆಲ್ ಸ್ಟೂವರ್ಡ್ ಜೊತೆ ಸೇರಿ ಮತ್ತೆ ಕಟ್ಟಿಕೊಂಡ. ಆಮೇಲೆ 2015ರವರೆಗೆ ಅವನನ್ನು ಯಾರೂ ಸೋಲಿಸಲಿಲ್ಲ. ನೆಲಕ್ಕೆ ಬಿದ್ದು ಎದ್ದವನಿಗೆ ಜಾಬ್‌ನ ಬೆಲೆ ಬೇರೆಯೇ.

ಕೊನೆಯ ವರ್ಷ ಸೆಮಿಫೈನಲ್‌ನಲ್ಲಿ ನನಗೆ ಮತ್ತೆ ಅವನೇ ಎದುರಾದ, ಆ ಕಣ್ಣು ಮುಚ್ಚದ ಹುಡುಗ. ಅವನೂ ಬದಲಾಗಿದ್ದ. ಈ ಸಲ ಮೊದಲ ರೌಂಡಿನಲ್ಲಿ ನೋಡುತ್ತಾ ಕೂರಲಿಲ್ಲ. ಹೊಟ್ಟೆಗೆ ಹೊಡೆದು ನನ್ನ ಗಾರ್ಡ್ ಕೆಳಗಿಳಿಸಲು ನೋಡಿದ. ನಾನು ಎರಡೆರಡು ಜಾಬ್ ಹಾಕಿ ಎಡಕ್ಕೆ ಸರಿಯುತ್ತಿದ್ದೆ. ಮೂರನೇ ರೌಂಡಿನಲ್ಲಿ ಭುಜ ಉರಿಯುತ್ತಿತ್ತು. ಜಾಬ್ ಹಾಕಿದೆ, ಅವನ ಬಲಗೈ ಹೊರಟಿದ್ದು ಕಂಡಿತು. ಕಿವಿಯ ಪಕ್ಕದಲ್ಲಿ ಟಪ್ ಎಂಬ ಸದ್ದು. ಏಟು ನನ್ನ ಗ್ಲೌಸ್ ಮೇಲೆ ಬಿದ್ದಿತ್ತು.

ಬೌಟ್ ಅವನೇ ಗೆದ್ದ. ಕಡಿಮೆ ಅಂತರ, ಸರಿಯಾದ ತೀರ್ಪು. ಮೂಲೆಯಲ್ಲಿ ಕೂತಾಗ ಸರ್ ನನ್ನ ಗ್ಲೌಸಿನ ಪಟ್ಟಿ ಬಿಚ್ಚುತ್ತಾ ಕೇಳಿದರು.

"ಜಾಬ್ ಮೇಲಿಂದ ಎಷ್ಟು ಸಲ ಬಲಗೈ ಹಾಕಿದ?"

"ಐದು ಸಲ, ಸರ್."

"ಎಷ್ಟು ಬಿತ್ತು?"

"ಒಂದು."

ಅವರು ತಲೆಯಾಡಿಸಿ, ಇನ್ನೊಂದು ಕೈ ಕೊಡು ಅಂದರು.