ಮೂರು ಸಲ ಮುರಿದ ಸಿವಿ ಜಾಯಿಂಟ್

ಮನೆ ಹಿಂದಿನ ಶೆಡ್ಡೇ ನನ್ನ ವರ್ಕ್‌ಶಾಪ್. ಮರಳಿನಲ್ಲಿ ಓಡಿಸುವ ಬಗ್ಗಿ ಎಂಬ ಹಗುರ ಗಾಡಿಗಳನ್ನು ರಿಪೇರಿ ಮಾಡುತ್ತೇನೆ, ಓಡಿಸುವವರಿಗೆ ಬೇಕಾದಂತೆ ಮಾರ್ಪಾಡು ಮಾಡಿಕೊಡುತ್ತೇನೆ. ಒಂದು ಬಗ್ಗಿಯಲ್ಲಿ ಬಲ ಹಿಂಬದಿಯ ಸಿವಿ ಜಾಯಿಂಟ್ (ಆಕ್ಸಲ್ ಬಾಗಿದ್ದರೂ ಚಕ್ರಕ್ಕೆ ತಿರುಗುವ ಶಕ್ತಿ ದಾಟಿಸುವ ಕೀಲು) ಮೂರು ಸಲ ಮುರಿಯಿತು. ಅದಕ್ಕೆ ಕಾರಣ ನಾನೇ ಮಾಡಿದ ಮಾರ್ಪಾಡು. ಅದು ಗೊತ್ತಾಗಲು ಮೂರನೇ ಸಲದವರೆಗೆ ಕಾಯಬೇಕಾಯಿತು ಅನ್ನುವುದು ಈಗಲೂ ಬೇಸರ.

ಅದು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಬುಡದ ಮೇಲೆ ಕಟ್ಟಿದ ಗಾಡಿ. 1964ರಲ್ಲಿ ಅಮೆರಿಕದ ಬ್ರೂಸ್ ಮೇಯರ್ಸ್ ಬೀಟಲ್ ಭಾಗಗಳನ್ನು ಬಳಸಿ ಫೈಬರ್‌ಗ್ಲಾಸ್ ಮೈಯ ಬಗ್ಗಿ ಕಟ್ಟಿದರು. ಆಮೇಲೆ ಎಷ್ಟೋ ಜನ ಅದೇ ದಾರಿ ಹಿಡಿದರು. ಎಂಜಿನ್ ಹಿಂದೆ ಇರುವುದರಿಂದ ಭಾರದ ಹೆಚ್ಚಿನ ಪಾಲು ಎಳೆಯುವ ಚಕ್ರಗಳ ಮೇಲೇ ಬೀಳುತ್ತದೆ. ಗಾಳಿಯಿಂದ ತಣ್ಣಗಾಗುವ ಎಂಜಿನ್, ಹಾಗಾಗಿ ರೇಡಿಯೇಟರ್ ಗೊಡವೆ ಇಲ್ಲ. ಮರಳಿಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? ಹಳೆಯ ಸ್ವಿಂಗ್ ಆಕ್ಸಲ್ (ಗೇರ್‌ಬಾಕ್ಸ್ ಕಡೆಯಲ್ಲಿ ಮಾತ್ರ ಬಾಗುವ ಆಕ್ಸಲ್) ಗಾಡಿಗಳಲ್ಲಿ ಸಿವಿ ಜಾಯಿಂಟ್ ಇರುವುದಿಲ್ಲ. ಇದು ಐಆರ್‌ಎಸ್ ಬಗೆಯದು, ಅಂದರೆ ಆಕ್ಸಲ್ ಎರಡೂ ತುದಿಯಲ್ಲಿ ಬಾಗುವ ಹಿಂಬದಿ ಸಸ್ಪೆನ್ಷನ್. ಒಂದೊಂದು ಕಡೆಗೆ ಎರಡರಂತೆ ಒಟ್ಟು ನಾಲ್ಕು ಜಾಯಿಂಟ್.

ಮಾಲೀಕರಿಗೆ ಹಿಂದಿನ ಚಕ್ರ ಇನ್ನೂ ಜಾಸ್ತಿ ಮೇಲೆ ಕೆಳಗೆ ಆಡಬೇಕಿತ್ತು. ಉದ್ದದ ಶಾಕ್ ಅಬ್ಸಾರ್ಬರ್ ಹಾಕಿದೆ. ಚಕ್ರದ ತೋಳನ್ನು ಸ್ಪ್ರಿಂಗಿಗೆ ಜೋಡಿಸುವ ಸ್ಪ್ರಿಂಗ್ ಪ್ಲೇಟ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯದಂತೆ ತಡೆಯುವ ಅಂಚನ್ನೂ ಕತ್ತರಿಸಿದೆ. (ಈ ಕೆಲಸಕ್ಕೆ ಕೈ ಹಾಕುವವರು ಜಾಗ್ರತೆ. ಆ ಪ್ಲೇಟ್ ಟಾರ್ಷನ್ ಬಾರಿನ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಬಿಗಿತವನ್ನು ಹಿಡಿದುಕೊಂಡಿರುತ್ತದೆ. ಬಿಗಿತ ಇಳಿಸದೆ ಮುಟ್ಟಿದರೆ ಕಾಲೋ ಕೈಯೋ ಹೋಗುತ್ತದೆ.) ಚಕ್ರ ಚೆನ್ನಾಗಿ ಕೆಳಗಿಳಿಯಿತು. ಮಾಲೀಕರಿಗೂ ಖುಷಿ, ನನಗೂ ಖುಷಿ.

ಸ್ವಲ್ಪ ದಿನಕ್ಕೇ ಜಾಯಿಂಟ್ ಮುರಿದುಕೊಂಡು ಬಂತು. ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿತ್ತು, ಒಳಗೆ ಗ್ರೀಸ್ ಜೊತೆ ಮರಳು ಬೆರೆತು ಅರೆಯುವ ಹಿಟ್ಟಿನಂತಾಗಿತ್ತು. ಮರಳು ಹೊಕ್ಕು ಹಾಳಾಗಿದೆ ಅಂದುಕೊಂಡೆ. ಹೊಸ ಜಾಯಿಂಟ್, ಹೊಸ ಬೂಟ್, ಹೊಸ ಗ್ರೀಸ್ ಹಾಕಿ ಕಳಿಸಿದೆ. ಎರಡನೇ ಸಲ ಮುರಿದಾಗ ಬೋಲ್ಟ್ ಸಡಿಲವಾಗಿರಬೇಕು ಅನ್ನಿಸಿತು. ಟಾರ್ಕ್ ರೆಂಚ್ ಹಿಡಿದು ಒಂದೊಂದನ್ನೂ ಸುಮಾರು 34 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ. ಎಂಜಿನ್ ಅದೇ ಹಳೆಯ 1600 ಸಿಸಿ, ಶಕ್ತಿ ಜಾಸ್ತಿಯಾಗಿ ಮುರಿಯುವ ಮಾತೇ ಇಲ್ಲ. ಅಷ್ಟು ಗೊತ್ತಿದ್ದೂ ಮುಂದಕ್ಕೆ ಯೋಚಿಸಲಿಲ್ಲ.

ಆ ಎರಡೂ ಸಲ ಬೋಲ್ಟಿಗೆ ಕೈ ಸಲೀಸಾಗಿ ಹೋಗಲಿ ಅಂತ ಚಕ್ರವನ್ನು ಹಿಡಿದಿರುವ ತೋಳಿನ ಕೆಳಗೆ ಜ್ಯಾಕ್ ಕೊಟ್ಟು ಆಕ್ಸಲ್ ನೇರ ಮಾಡಿಕೊಂಡಿದ್ದೆ. ಮೂರನೇ ಸಲ ಜ್ಯಾಕ್ ಇನ್ನೊಂದು ಗಾಡಿಯ ಕೆಳಗಿತ್ತು. ಬಗ್ಗಿ ಸ್ಟ್ಯಾಂಡ್ ಮೇಲೆ ನಿಂತಿತ್ತು, ಚಕ್ರಗಳು ನೇತಾಡುತ್ತಿದ್ದವು. ಜಾಯಿಂಟ್ ಕೂರಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿದೆ. ತಿರುಗಲಿಲ್ಲ. ಜೋರಾಗಿ ತಿರುಗಿಸಿದರೆ ಸುತ್ತಿಗೊಂದು ಸಲ ಎಲ್ಲೋ ಕಚ್ಚಿ ಬಿಡುತ್ತಿತ್ತು. ತೋಳನ್ನು ಒಂದಿಷ್ಟು ಮೇಲಕ್ಕೆತ್ತಿದೆ. ಬೆಣ್ಣೆಯಂತೆ ತಿರುಗಿತು.

ಮುರಿದ ಮೂರೂ ಜಾಯಿಂಟ್‌ಗಳನ್ನು ತೊಳೆದು ಬೆಂಚಿನ ಮೇಲೆ ಸಾಲಾಗಿ ಇಟ್ಟೆ. ಆರು ಗುಂಡುಗಳನ್ನು ಹಿಡಿದಿಡುವ ಕೇಜ್ ಮೂರರಲ್ಲೂ ಸೀಳಿತ್ತು. ಗುಂಡು ಓಡಾಡುವ ತೋಡುಗಳ ನಡುಭಾಗ ಹೊಸದರ ಹಾಗಿತ್ತು, ಅಂಚಿನಲ್ಲಿ ಮಾತ್ರ ತಿಕ್ಕಿ ಹೊಳೆಯುತ್ತಿತ್ತು. ಬರೀ ಮರಳಿನಿಂದ ಸವೆದಿದ್ದರೆ ಎಲ್ಲಾ ಕಡೆ ಸವೆಯಬೇಕಿತ್ತು. ಜಾಯಿಂಟ್ ತಾಳುವ ಕೋನಕ್ಕಿಂತ ಹೆಚ್ಚು ಬಾಗುತ್ತಿತ್ತು. ಬೂಟ್ ಹರಿದದ್ದೂ ಅದಕ್ಕೇ, ಮಡಿಕೆಗಳು ಆಕ್ಸಲ್‌ಗೆ ಉಜ್ಜುತ್ತಿದ್ದವು. ದಿಬ್ಬ ಹಾರಿದಾಗ ಚಕ್ರ ಪೂರ್ತಿ ಕೆಳಗಿಳಿಯುತ್ತದೆ. ಆ ಹೊತ್ತಿನಲ್ಲಿ ಆಕ್ಸಿಲರೇಟರ್ ಒತ್ತಿದ್ದರೆ ಜಾಯಿಂಟ್ ಕಚ್ಚಿಕೊಂಡೇ ತಿರುಗುತ್ತದೆ. ಮರಳಿಗೆಂದೇ ಹಾಕಿದ, ಹುಟ್ಟಿನಂಥ ಅಡ್ಡಪಟ್ಟಿಗಳಿರುವ ಪ್ಯಾಡಲ್ ಟೈರ್ ನೆಲ ಮುಟ್ಟಿದ ಕೂಡಲೇ ಕಚ್ಚಿ ಹಿಡಿಯುತ್ತದೆ. ಕೇಜ್ ಪಾಪ ಇನ್ನೇನು ಮಾಡೀತು?

ಈಗ ನನ್ನ ಕೆಲಸದ ಕ್ರಮ ಹೀಗಿದೆ. ಚಾಸಿಯನ್ನು ಭದ್ರವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸುತ್ತೇನೆ. ತೋಳಿನ ಕೆಳಗೆ ಜ್ಯಾಕ್ ಕೊಟ್ಟು ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ನಿಧಾನಕ್ಕೆ ಇಳಿಸುತ್ತೇನೆ. ಬೆರಳಷ್ಟು ಇಳಿಸಿದಾಗಲೆಲ್ಲ ಚಕ್ರ ತಿರುಗಿಸಿ ನೋಡುತ್ತೇನೆ. ಎಲ್ಲಿ ಬಿಗಿ ಶುರುವಾಯಿತೋ ಅಲ್ಲಿ ಗುರುತು. ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ ತೋಳು ನಿಲ್ಲುವಂತೆ ಲಿಮಿಟ್ ಸ್ಟ್ರಾಪ್ ಎಂಬ ನೈಲಾನ್ ಪಟ್ಟಿ ಕಟ್ಟುತ್ತೇನೆ. ಈ ಪಟ್ಟಿ ಎಳೆತಕ್ಕೆ ಹಿಗ್ಗುತ್ತದೆ, ಆ ಹಿಗ್ಗನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಟ್ಟಿ ಬಿಗಿಯಾದಾಗಲೂ ಶಾಕ್‌ನಲ್ಲಿ ಇನ್ನೂ ಸ್ವಲ್ಪ ಚಾಚುವ ಜಾಗ ಉಳಿದಿರಬೇಕು. ಇಲ್ಲದಿದ್ದರೆ ಚಕ್ರದ ಜಗ್ಗಾಟವೆಲ್ಲ ಶಾಕ್ ಮೇಲೆ ಬಿದ್ದು ಅದರ ಕಂಬಿಯೋ ಬ್ರಾಕೆಟ್ಟೋ ಕಿತ್ತು ಬರುತ್ತದೆ. ಮೇಲಿನ ತುದಿಯಲ್ಲಿ ಇದೇ ಕೆಲಸಕ್ಕೆ ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆ ಇದೆ.

ಸ್ಟ್ರಾಪ್ ಕಟ್ಟಿದರೆ ಚಕ್ರದ ಓಡಾಟ ಕಡಿಮೆಯಾಗುತ್ತದಲ್ಲ ಅಂತ ಮಾಲೀಕರು ಕೇಳಿದರು. ಆಗುತ್ತದೆ. ಇನ್ನೂ ಬೇಕು ಅಂದರೆ ಹೆಚ್ಚು ಬಾಗುವ ದೊಡ್ಡ ಜಾಯಿಂಟ್, ಅದಕ್ಕೆ ಹೊಂದುವ ಆಕ್ಸಲ್, ಜಾಯಿಂಟ್ ಬೋಲ್ಟ್ ಮಾಡುವ ಫ್ಲಾಂಜ್ ಎಲ್ಲಾ ಬದಲಿಸಬೇಕು. ಬರೀ ಶಾಕ್ ಉದ್ದ ಮಾಡಿ ಕೊಡುವ ಕೆಲಸವನ್ನು ನಾನು ಈಗ ಒಪ್ಪುವುದಿಲ್ಲ.

ಎಂಜಿನ್ ಕಡೆಗೂ ಇದೇ ಬಗೆಯ ಪರೀಕ್ಷೆ ಶುರು ಮಾಡಿದ್ದೇನೆ. ಏರ್ ಫಿಲ್ಟರ್ ಸ್ವಚ್ಛವಾಗಿದ್ದರೂ ಪಿಸ್ಟನ್ ರಿಂಗ್ ಸವೆದು ಹೊಗೆ ಉಗುಳುವ ಗಾಡಿಗಳು ಬರುತ್ತವೆ. ರಿಂಗ್ ಬದಲಿಸಿ ಸುಮ್ನೆ ಕಳಿಸುವುದಿಲ್ಲ. ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೋಡೆಗೆ ತೆಳ್ಳಗೆ ಗ್ರೀಸ್ ಸವರಿ ಒಂದು ಸುತ್ತು ಓಡಿಸಿಕೊಂಡು ಬರಲು ಹೇಳುತ್ತೇನೆ. ಬಂದ ಮೇಲೆ ಬೆರಳಲ್ಲಿ ಒರೆಸಿ ನೋಡಿದರೆ ಸಾಕು. ಮರಳು ತಗುಲಿದರೆ ಗಾಳಿ ಫಿಲ್ಟರ್ ತಪ್ಪಿಸಿ ಒಳಗೆ ಬರುತ್ತಿದೆ. ಸಾಮಾನ್ಯವಾಗಿ ಕ್ಲ್ಯಾಂಪ್ ಸಡಿಲ ಆಗಿರುತ್ತದೆ, ಇಲ್ಲವೇ ರಬ್ಬರ್ ಪೈಪ್ ಬಿರುಕು ಬಿಟ್ಟಿರುತ್ತದೆ.

ಆ ಬಗ್ಗಿ ಈಗಲೂ ಬರುತ್ತದೆ. ಸ್ಟ್ರಾಪ್‌ನ ಅಳತೆಯನ್ನು ಚಾಸಿಯ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿಟ್ಟಿದ್ದೇನೆ. ಬಂದಾಗಲೆಲ್ಲ ಟೇಪ್ ಹಿಡಿದು ಎಷ್ಟು ಹಿಗ್ಗಿದೆ ಅಂತ ನೋಡುತ್ತೇನೆ. ಹೋದ ಸಲ ಹಿಗ್ಗಿತ್ತು, ಎರಡೂ ಕಡೆ ಹೊಸ ಪಟ್ಟಿ ಹಾಕಿದೆ. ಜಾಯಿಂಟ್ ಬಿಚ್ಚಿ ನೋಡಿದೆ. ಕೇಜ್‌ನಲ್ಲಿ ಒಂದು ಗೀರೂ ಇರಲಿಲ್ಲ.